ಪರದೇಶದ ಮಾತಿಗೆ ಕನ್ನಡದ ಏಣಿ

ಗಂಡನಿಗೆ ಜಪಾನಿನಲ್ಲಿ ಎರಡು ವರ್ಷದ ಕೆಲಸ ಅಂತ ಗೊತ್ತಾದ ದಿನ ನೆಂಟರಿಷ್ಟರೆಲ್ಲ ಫೋನ್ ಮಾಡಿ "ಅದೃಷ್ಟವಂತೆ ಕಣೇ" ಅಂದರು. ನನಗೆ ಮಾತ್ರ ಹೊಟ್ಟೆಯೊಳಗೆ ನಡುಕ. ಅವರು ಬೆಳಿಗ್ಗೆ ಫ್ಯಾಕ್ಟರಿಗೆ ಹೋದರೆ ಮನೆ ಸೇರೋದು ರಾತ್ರಿ. ಮೂರು ವರ್ಷದ ಮಗನನ್ನು ಕಟ್ಟಿಕೊಂಡು, ಒಂದು ಅಕ್ಷರ ಓದೋಕೆ ಬಾರದ ಊರಲ್ಲಿ ಒಬ್ಬಳೇ ಹೇಗಿರೋದು? ಉಪ್ಪು ಯಾವುದು, ಸಕ್ಕರೆ ಯಾವುದು ಅಂತ ಕೇಳೋದಾದರೂ ಹೇಗೆ? ಮಗುವಿಗೆ ಹುಷಾರು ತಪ್ಪಿದರೆ?

ನಿಮ್ಮಲ್ಲೂ ಎಷ್ಟೋ ಜನಕ್ಕೆ ಇಂಥ ದಿನ ಬಂದಿರುತ್ತೆ, ಇಲ್ಲವೇ ಬರುತ್ತೆ. ಗಂಡನ ಕೆಲಸವೋ, ಮಗಳ ಬಾಣಂತನವೋ, ವಿದೇಶದಲ್ಲಿರುವ ಮೊಮ್ಮಗುವಿನ ಜೊತೆ ನಾಲ್ಕು ಮಾತಾಡುವ ಆಸೆಯೋ. ಆಗ ನಾವೆಲ್ಲ ಮೊದಲು ಹೇಳೋ ಮಾತು ಒಂದೇ: "ಅಯ್ಯೋ, ನಂಗೆ ಇಂಗ್ಲಿಷೇ ಸರಿಯಾಗಿ ಬರಲ್ಲ, ಇನ್ನು ಆ ಭಾಷೆ ಎಲ್ಲಿ ಬರುತ್ತೆ!"

ನಾನೂ ಹಾಗೇ ಅಂದುಕೊಂಡಿದ್ದೆ. ಅದು ತಪ್ಪು ಅಂತ ಗೊತ್ತಾಗೋಕೆ ನನಗೆ ಆರು ತಿಂಗಳು ಬೇಕಾಯಿತು. ನಿಮಗೆ ಅಷ್ಟು ದಿನ ಹಿಡಿಯೋದು ಬೇಡ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಕ್ಲಾಸ್ ಬಿಟ್ಟು ಓಡಿ ಬಂದೆ

ನನ್ನ ತವರು ಕೊರಟಗೆರೆ ತಾಲ್ಲೂಕಿನ ಕೊಳಾಲ. ಓದಿದ್ದು ಕನ್ನಡ ಮೀಡಿಯಂ, ಆಮೇಲೆ ಬಿ.ಎ. 2017ರಲ್ಲಿ, ಹೊರಡೋಕೆ ಇನ್ನೂ ಏಳೆಂಟು ತಿಂಗಳಿದೆ ಅನ್ನುವಾಗ ಬೆಂಗಳೂರಿನ ಒಂದು ಜಪಾನಿ ಕ್ಲಾಸಿಗೆ ಸೇರಿದೆ. ಸುತ್ತ ಕೂತವರೆಲ್ಲ ಇಂಜಿನಿಯರಿಂಗ್ ಹುಡುಗ ಹುಡುಗಿಯರು. ಪಾಠವೆಲ್ಲ ಇಂಗ್ಲಿಷಿನಲ್ಲೇ. ಜಪಾನಿಯ ಒಂದು ಸಾಲನ್ನು ಇಂಗ್ಲಿಷಿಗೆ ತಿರುಗಿಸಿ, ಆ ಇಂಗ್ಲಿಷನ್ನು ನಾನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿಕೊಳ್ಳುವಷ್ಟರಲ್ಲಿ ಪಾಠ ಎರಡು ಸಾಲು ಮುಂದೆ ಹೋಗಿರುತ್ತಿತ್ತು. ಮೂರನೇ ವಾರಕ್ಕೆ ಬ್ಯಾಗ್ ಎತ್ತಿಕೊಂಡು ಮನೆಗೆ ಬಂದವಳು ಮತ್ತೆ ಹೋಗಲಿಲ್ಲ. ಕಟ್ಟಿದ ಫೀಸು ನೆನೆದು ಅತ್ತೂ ಆಯಿತು.

ಆ ವಾರ ಊರಿಗೆ ಹೋದಾಗ ಅಮ್ಮನ ಹತ್ತಿರ ಗೋಳು ಹೇಳಿಕೊಂಡೆ. ಅಮ್ಮ ಹುಣಸೆಹಣ್ಣು ಬಿಡಿಸುತ್ತಾ ಹೇಳಿದ್ದು ಇಷ್ಟೇ: "ನಿಮ್ಮಜ್ಜಿ ಯಾವ ಕ್ಲಾಸಿಗೆ ಹೋಗಿ ತೆಲುಗು ಕಲ್ತಳು?"

ಹೌದಲ್ಲ! ನಮ್ಮಜ್ಜಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಹುಣಸೆಹಣ್ಣು ಕೊಳ್ಳಲು ಹಿಂದೂಪುರದ ಕಡೆಯಿಂದ ಬರುತ್ತಿದ್ದ ವ್ಯಾಪಾರಿಗಳ ಜೊತೆ ತೆಲುಗಿನಲ್ಲೇ ಚೌಕಾಸಿ ಮಾಡುತ್ತಿದ್ದಳು. ಮೊದಲು ಕಲಿತದ್ದು "ಎಂತ?" ಅನ್ನೋದು, ಆಮೇಲೆ ಲೆಕ್ಕ, ಆಮೇಲೆ ಜಗಳ! ನಮ್ಮ ಮಧುಗಿರಿ, ಪಾವಗಡದ ಕಡೆ ಇದೇನು ದೊಡ್ಡ ವಿಷಯವಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಅನ್ನುವ ಸಂಸಾರಗಳು ಅಲ್ಲಿ ಬೇಕಾದಷ್ಟಿವೆ. ಶಿರಾ ಪೇಟೆಯಲ್ಲಿ ಇದರ ಜೊತೆಗೆ ಉರ್ದುವೂ ಕಿವಿಗೆ ಬೀಳುತ್ತೆ. ಯಾರೂ ವ್ಯಾಕರಣದ ಪುಸ್ತಕ ಮುಂದಿಟ್ಟುಕೊಂಡು ಕಲಿತವರಲ್ಲ.

ಅಜ್ಜಿಯ ವಿದ್ಯೆಯನ್ನು ಬಿಡಿಸಿ ನೋಡಿದರೆ ಅದರಲ್ಲಿ ನಾಲ್ಕೇ ವಿಷಯ. ಬೇಕಾದ ಮಾತನ್ನು ಮೊದಲು ಕಲಿತಳು. ಓದುವ ಮೊದಲು ಕೇಳಿದಳು. ತಪ್ಪೋ ಸರಿಯೋ, ಬಾಯಿ ಬಿಟ್ಟು ಆಡಿದಳು. ಮತ್ತು ಎಲ್ಲವನ್ನೂ ತನ್ನ ಕನ್ನಡಕ್ಕೇ ನೇರವಾಗಿ ಜೋಡಿಸಿಕೊಂಡಳು, ನಡುವೆ ಇನ್ನೊಂದು ಭಾಷೆ ಇರಲಿಲ್ಲ. ನಾನು ಕ್ಲಾಸಿನಲ್ಲಿ ಮುಗ್ಗರಿಸಿದ್ದು ಈ ನಾಲ್ಕನೆಯದರಲ್ಲೇ.

ಕನ್ನಡದ್ದೇ ಜಾಡು

ಮತ್ತೆ ಪುಸ್ತಕ ತೆರೆದೆ. ಈ ಸಲ ಇಂಗ್ಲಿಷನ್ನು ಪಕ್ಕಕ್ಕೆ ಸರಿಸಿ, ಪ್ರತಿ ಜಪಾನಿ ಪದದ ಕೆಳಗೆ ಕನ್ನಡ ಪದ ಬರೆಯುತ್ತಾ ಹೋದೆ. ನೋಡಿ:

ವತಶಿ ವ ಗೊಹನ್ ಒ ತಬೆಮಸು.
ನಾನು ಅನ್ನ-ಅನ್ನು ತಿನ್ನುತ್ತೇನೆ.

ಒಂದು ಪದವನ್ನೂ ಹಿಂದೆ ಮುಂದೆ ಮಾಡಬೇಕಿಲ್ಲ! ನಮ್ಮ ಹಾಗೇ ಅವರಿಗೂ ಕ್ರಿಯಾಪದ ಕೊನೆಗೆ. ಇಂಗ್ಲಿಷಿನಲ್ಲಿ ಪದದ ಮುಂದೆ ಬರುವ ತುಣುಕುಗಳು ನಮ್ಮಲ್ಲಿ ವಿಭಕ್ತಿಯಾಗಿ ಪದದ ಹಿಂದೆ ಅಂಟಿಕೊಳ್ಳುತ್ತವಲ್ಲ, ಅವರಲ್ಲೂ ಹಾಗೇ. 'ಒ' ಅಂದರೆ 'ಅನ್ನು', 'ನಿ' ಅಂದರೆ 'ಗೆ', 'ಕರ' ಅಂದರೆ 'ಇಂದ', 'ಮದೆ' ಅಂದರೆ 'ವರೆಗೆ', 'ನೊ' ಅಂದರೆ ನಮ್ಮ 'ಅ', ರಾಮನ ಮನೆ ಅನ್ನುವಾಗ ಬರುವಂಥದ್ದು. ಪ್ರಶ್ನೆ ಕೇಳಬೇಕಾದರೆ ನಾವು ಕೊನೆಗೆ ಒಂದು 'ಆ' ಸೇರಿಸಿ 'ಬಂದ್ರಾ?' ಅಂತೀವಿ. ಅವರು ಕೊನೆಗೆ 'ಕ' ಸೇರಿಸುತ್ತಾರೆ, ಅಷ್ಟೇ.

ಇನ್ನೂ ಖುಷಿಯಾದದ್ದು ಜೋಡಿ ಕ್ರಿಯಾಪದಗಳನ್ನು ನೋಡಿ. ನೆಂಟರಿಗೆ ಚಕ್ಕುಲಿ ಕೊಟ್ಟು ನಾವು "ತಿಂದು ನೋಡಿ" ಅಂತೀವಿ. ಕಣ್ಣಲ್ಲಿ ನೋಡೋದಲ್ಲ, ರುಚಿ ನೋಡೋದು. ಜಪಾನಿಯಲ್ಲಿ 'ತಬೆತೆ ಮಿತೆ ಕುದಸಯ್'. ತಬೆತೆ ಅಂದರೆ ತಿಂದು, ಮಿತೆ ಅಂದರೆ ನೋಡಿ! ಮಗ ಇದ್ದದ್ದನ್ನೆಲ್ಲ 'ತಿಂದುಬಿಟ್ಟ' ಅನ್ನೋಕೆ 'ತಬೆತೆ ಶಿಮತ್ತ'. ಇದನ್ನು ಇಂಗ್ಲಿಷಿನಲ್ಲಿ ವಿವರಿಸೋಕೆ ಪುಸ್ತಕದಲ್ಲಿ ಅರ್ಧ ಪುಟ ಬೇಕು. ನಮಗೆ ಅರ್ಧ ನಿಮಿಷ ಸಾಕು.

ಅಡುಗೆಮನೆಗೆ ಬನ್ನಿ. ಇಂಗ್ಲಿಷಿನವರಿಗೆ ಎಲ್ಲವೂ ರೈಸ್. ನಮಗೆ ಭತ್ತ ಬೇರೆ, ಅಕ್ಕಿ ಬೇರೆ, ಅನ್ನ ಬೇರೆ. ಜಪಾನಿಗಳಿಗೂ ಗದ್ದೆಯಲ್ಲಿರೋದು 'ಇನೆ', ಡಬ್ಬದಲ್ಲಿರೋದು 'ಕೊಮೆ', ತಟ್ಟೆಗೆ ಬಂದಾಗ 'ಗೊಹನ್'. ಸಂಬಂಧಗಳಲ್ಲೂ ಅಷ್ಟೇ. ಅಣ್ಣನಿಗೊಂದು ಪದ, ತಮ್ಮನಿಗೊಂದು, ಅಕ್ಕನಿಗೊಂದು, ತಂಗಿಗೊಂದು. ಜನರನ್ನು ಎಣಿಸುವಾಗ ನಾವು ಒಂದು, ಎರಡು ಅನ್ನದೆ ಒಬ್ಬರು, ಇಬ್ಬರು ಅನ್ನುವ ಹಾಗೆ ಅವರೂ 'ಹಿತೊರಿ, ಫುತರಿ' ಅಂತ ಬೇರೆಯಾಗೇ ಎಣಿಸುತ್ತಾರೆ.

ಹಾಗಂತ ಎರಡೂ ಅಕ್ಕತಂಗಿ ಭಾಷೆಗಳು ಅಂದುಕೊಳ್ಳಬೇಡಿ. ಸುಸುಮು ಓನೊ ಎಂಬ ಜಪಾನಿ ವಿದ್ವಾಂಸರು ಜಪಾನಿಗೂ ತಮಿಳಿಗೂ ನಂಟಿದೆ ಎಂದು ವಾದಿಸಿದ್ದರು, ಬಹುತೇಕ ಭಾಷಾತಜ್ಞರು ಅದನ್ನು ಒಪ್ಪಲಿಲ್ಲ. ನಂಟಿಲ್ಲದಿದ್ದರೂ ವಾಕ್ಯದ ಜಾಡು ಒಂದೇ, ಕಲಿಯುವವರಿಗೆ ಅಷ್ಟು ಸಾಕು. ಕೊರಿಯನ್ ಭಾಷೆಯದೂ ಇದೇ ಜಾಡು. ಮಗಳು ಕೊರಿಯನ್ ಸೀರಿಯಲ್ ಹುಚ್ಚು ಹಿಡಿಸಿಕೊಂಡಿದ್ದರೆ ಬೈಯುವ ಬದಲು ಜೊತೆಗೆ ಕೂತು ಕೇಳಿ, ನಿಮಗೇ ಗೊತ್ತಾಗುತ್ತೆ.

ಬರೆಯೋದೂ ಕನ್ನಡದಲ್ಲೇ ಶುರು ಮಾಡಿ

ಮೊದಲ ಎರಡು ವಾರ ಜಪಾನಿ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳಬೇಡಿ, ಕನ್ನಡದಲ್ಲಿ ಬರೆಯಿರಿ. ಕಾರಣ ಇದೆ. 'ಒಬಸನ್' ಅಂದರೆ ಅತ್ತೆ ಅಥವಾ ಚಿಕ್ಕಮ್ಮನ ವಯಸ್ಸಿನ ಹೆಂಗಸು. 'ಒಬಾಸನ್' ಅಂದರೆ ಅಜ್ಜಿ. ಒಂದು ದೀರ್ಘ ಹೆಚ್ಚಾದರೆ ಪಕ್ಕದ ಮನೆಯಾಕೆಗೆ ಮೂವತ್ತು ವರ್ಷ ವಯಸ್ಸು ಏರಿಸಿಬಿಟ್ಟಿರಿ! 'ಕಿತೆ' ಅಂದರೆ ಬಂದು, 'ಕಿತ್ತೆ' ಅಂದರೆ ಅಂಚೆಚೀಟಿ. ಹ್ರಸ್ವ, ದೀರ್ಘ, ಒತ್ತಕ್ಷರ ಒಂದನೇ ತರಗತಿಯಿಂದಲೇ ತಿದ್ದಿದ ಕೈ ನಮ್ಮದು. ಇಂಗ್ಲಿಷ್ ಅಕ್ಷರ ನೋಡಿ ಓದಿದರೆ ಇದೆಲ್ಲ ನುಂಗಿಹೋಗುತ್ತೆ.

ಆಮೇಲೆ ಅವರ ಹಿರಗಾನ ಅಕ್ಷರಗಳಿಗೆ ಹೊರಳಿ. ಮೂಲಾಕ್ಷರ 46. ಹೆದರಬೇಡಿ, ಅದರ ಸಾಲು ಕೇಳಿ: ಅ ಇ ಉ ಎ ಒ. ಆಮೇಲೆ ಕ ಕಿ ಕು ಕೆ ಕೊ. ಹೀಗೇ ಸ, ತ, ನ, ಹ, ಮ, ಯ, ರ, ವ. ನಮ್ಮ ಕಾಗುಣಿತ ಕೇಳಿದಂತಿಲ್ಲವೇ? ಬೌದ್ಧ ಧರ್ಮದ ಜೊತೆ ಜಪಾನಿಗೆ ಹೋದ ಸಂಸ್ಕೃತದ ಅಕ್ಷರಪಾಠವೇ ಈ ಅನುಕ್ರಮಕ್ಕೆ ಮೂಲ. ದಿನಕ್ಕೆ ಐದರಂತೆ ತಿದ್ದಿದರೆ ಹತ್ತು ದಿನದಲ್ಲಿ ಮುಗಿಯುತ್ತೆ. ಹೊರಗಿನಿಂದ ಬಂದ ಪದಗಳಿಗೆ ಕಟಕಾನ ಅಂತ ಇನ್ನೊಂದು ಸೆಟ್ ಇದೆ. ಬಸ್ಸಿಗೆ 'ಬಸು', ಮಿಲ್ಕಿಗೆ 'ಮಿರುಕು', ಹೋಟೆಲಿಗೆ 'ಹೊತೆರು'. ನಾವು ಬಸ್ಸು, ಕಾರು, ಹೋಟೆಲು ಅಂತ ಕೊನೆಗೊಂದು ಉಕಾರ ಸೇರಿಸಿಕೊಂಡಿಲ್ಲವೇ, ಹಾಗೇ.

ಕಷ್ಟ ಇರುವುದು ಕಾಂಜಿಯಲ್ಲಿ, ಅಂದರೆ ಚೀನಾದಿಂದ ಬಂದ ಚಿತ್ರದಂಥ ಅಕ್ಷರಗಳಲ್ಲಿ. ದಿನಬಳಕೆಗೆ ಅಂತ ಅಲ್ಲಿನ ಸರ್ಕಾರ ಪಟ್ಟಿ ಮಾಡಿರುವುದೇ 2,136. ಇಲ್ಲಿ ಕನ್ನಡವೂ ಕೈ ಹಿಡಿಯಲ್ಲ, ಇಂಗ್ಲಿಷೂ ಹಿಡಿಯಲ್ಲ. ಔಷಧಿ, ಹೊರದಾರಿ, ಹೆಂಗಸರು, ಗಂಡಸರು ಅಂತ ಬೋರ್ಡಿನಲ್ಲಿ ಕಾಣುವ ಮೂವತ್ತನ್ನು ರಂಗೋಲಿಯ ಹಾಗೆ ಬರೆದು ಬರೆದು ಕಲಿತೆ. ಉಳಿದದ್ದು ಅಲ್ಲಿಗೆ ಹೋದ ಮೇಲೆ.

ಮನೆಗೆಲಸದ ನಡುವೆ ಕಲಿಯೋದು ಹೇಗೆ?

ಗೃಹಿಣಿಗೆ ಎರಡು ಗಂಟೆ ಒಟ್ಟಿಗೆ ಸಿಗೋದು ಕನಸಿನ ಮಾತು. ಆದರೆ ಹದಿನೈದು ನಿಮಿಷ ಮೂರು ಸಲ ಸಿಗುತ್ತೆ. ಭಾಷೆಗೆ ಅದೇ ಒಳ್ಳೆಯದು. ಭಾನುವಾರ ಮೂರು ಗಂಟೆ ಕೂತು ವಾರವೆಲ್ಲ ಬಿಡುವುದಕ್ಕಿಂತ ದಿನಾ ಮುಕ್ಕಾಲು ಗಂಟೆ ಎಷ್ಟೋ ಮೇಲು.

*ಬೇಕಾದ ಐವತ್ತು ಸಾಲು:* ಮೊದಲು ಒಂದು ನೋಟ್‌ಬುಕ್ಕಿನಲ್ಲಿ ನಿಮ್ಮ ದಿನ ಬರೆಯಿರಿ. ಅಂಗಡಿ, ಬಸ್ಸು, ಶಾಲೆ, ಡಾಕ್ಟರ್, ಪಕ್ಕದ ಮನೆ. ಪ್ರತಿಯೊಂದಕ್ಕೂ ನೀವು ಆಡಲೇಬೇಕಾದ ಹತ್ತು ಸಾಲು ಕನ್ನಡದಲ್ಲಿ ಬರೆಯಿರಿ. ಅವುಗಳ ಜಪಾನಿ ಹುಡುಕಿ ಕಲಿಯಿರಿ. ಪುಸ್ತಕದ ಮೊದಲ ಪಾಠದ 'ಇದು ಪೆನ್ನು, ಅದು ಮೇಜು' ಆಮೇಲೆ ನೋಡಿಕೊಂಡರಾಯಿತು.

*ಮೊದಲು ಕಿವಿ:* ಚಪಾತಿ ಲಟ್ಟಿಸುವಾಗ ಮೊಬೈಲಿನಲ್ಲಿ ಪಾಠ ಹಾಕಿ. ಒಂದೇ ಪಾಠವನ್ನು ವಾರವಿಡೀ ಕೇಳಿ, ದಿನಕ್ಕೊಂದು ಹೊಸದು ಬೇಡ. ನಾನು ಕೇಳುತ್ತಿದ್ದದ್ದು ಜಪಾನಿನ ಎನ್‌ಎಚ್‌ಕೆ ರೇಡಿಯೋದ ಪಾಠಗಳನ್ನು. ಈಗ ಜಪಾನ್ ಫೌಂಡೇಶನ್‌ನವರು 'ಇರೊದೊರಿ' ಎಂಬ ಪಠ್ಯವನ್ನು ಧ್ವನಿ ಸಮೇತ ಉಚಿತವಾಗಿ ಕೊಡುತ್ತಾರೆ. ಅಂಗಡಿ, ಆಸ್ಪತ್ರೆ, ಮನೆ ಅಂತ ದಿನನಿತ್ಯದ ಸಂದರ್ಭಗಳನ್ನೇ ಇಟ್ಟುಕೊಂಡು ಮಾಡಿರುವಂಥದ್ದು.

*ಬೆನ್ನಿಗೇ ಹೇಳೋದು:* ಅವರು ಒಂದು ಸಾಲು ಹೇಳಿದ ತಕ್ಷಣ ಅದೇ ರಾಗದಲ್ಲಿ ಜೋರಾಗಿ ಹೇಳಿ. ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟು ಉಳಿದವರು ಹೇಳೋದಿಲ್ಲವೇ, ಹಾಗೆ. ಮನಸ್ಸಿನಲ್ಲೇ ಓದಿಕೊಂಡರೆ ಬಾಯಿ ತಿರುಗಲ್ಲ.

*ಲಗ್ನಪತ್ರಿಕೆಯ ಚೀಟಿಗಳು:* ಮರೆವು ನಿಮ್ಮ ದಡ್ಡತನ ಅಲ್ಲ. ಹರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ಪಂಡಿತರು ತಮ್ಮ ಮೇಲೇ ಪ್ರಯೋಗ ಮಾಡಿಕೊಂಡು, ಕಲಿತದ್ದರಲ್ಲಿ ಹೆಚ್ಚಿನದು ಮೊದಲ ಒಂದೆರಡು ದಿನದಲ್ಲೇ ಮರೆತುಹೋಗುತ್ತದೆ ಎಂದು 1885ರಲ್ಲೇ ಬರೆದಿದ್ದಾರೆ. ಮದ್ದು ಏನೆಂದರೆ ಮರೆಯುವ ಹೊತ್ತಿಗೆ ಸರಿಯಾಗಿ ಇನ್ನೊಮ್ಮೆ ನೆನಪು ಮಾಡಿಕೊಳ್ಳೋದು. ಸೆಬಾಸ್ಟಿಯನ್ ಲೈಟ್ನರ್ ಎನ್ನುವವರು 1972ರಲ್ಲಿ ಇದಕ್ಕೊಂದು ಡಬ್ಬದ ಉಪಾಯ ಕೊಟ್ಟರು. ನಾನು ಮಾಡಿದ್ದು ಹೀಗೆ: ಹಳೇ ಲಗ್ನಪತ್ರಿಕೆಗಳನ್ನು ಚೀಟಿಯಾಗಿ ಕತ್ತರಿಸಿ, ಒಂದು ಕಡೆ ಕನ್ನಡ, ಇನ್ನೊಂದು ಕಡೆ ಜಪಾನಿ ಬರೆದೆ. ಸ್ವೀಟ್ ಬಾಕ್ಸಿನಲ್ಲಿ ಮೂರು ಅರೆ ಮಾಡಿದೆ. ಮೊದಲ ಅರೆಯದನ್ನು ದಿನಾ ನೋಡೋದು, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ. ಸರಿ ಹೇಳಿದರೆ ಚೀಟಿ ಮುಂದಿನ ಅರೆಗೆ, ತಪ್ಪಿದರೆ ವಾಪಸ್ ಮೊದಲನೆಯದಕ್ಕೆ. ದಿನಕ್ಕೆ ಐದೇ ಹೊಸ ಚೀಟಿ, ಹೆಚ್ಚು ಬೇಡ.

*ಡಬ್ಬಗಳಿಗೆ ಹೆಸರು:* ಉಪ್ಪಿಗೆ 'ಶಿಯೊ', ಸಕ್ಕರೆಗೆ 'ಸತೋ', ನೀರಿಗೆ 'ಮಿಜು' ಅಂತ ಅಡುಗೆಮನೆ ತುಂಬಾ ಚೀಟಿ ಅಂಟಿಸಿದೆ. ನಮ್ಮತ್ತೆ ಬಂದವರು ನೋಡಿ "ಉಪ್ಪಿನ ಡಬ್ಬಕ್ಕೆ ಯಾಕಮ್ಮಾ ಮಂತ್ರ ಕಟ್ಟಿದೀಯ?" ಅಂದರು. ವಾರ ಕಳೆಯುವಷ್ಟರಲ್ಲಿ ಅವರೇ "ಆ ಶಿಯೊ ಕೊಡು" ಅನ್ನೋಕೆ ಶುರು ಮಾಡಿದ್ದರು!

*ತಪ್ಪಿಗೆ ನಾಚಬೇಡಿ:* ಅಕ್ಕಪಕ್ಕದಲ್ಲಿ ಕಲಿಯುವವರು ಒಬ್ಬರಿದ್ದರೆ ವಾರಕ್ಕೆರಡು ದಿನ ಫೋನಿನಲ್ಲಿ ಹತ್ತು ನಿಮಿಷ ಬರೀ ಆ ಭಾಷೆಯಲ್ಲೇ ಮಾತಾಡಿ. ಯಾರೂ ಇಲ್ಲವೇ? ಪಾತ್ರೆ ತೊಳೆಯುತ್ತಾ ನಿಮ್ಮ ಜೊತೆ ನೀವೇ ಮಾತಾಡಿ. 'ಈಗ ಲೋಟ ತೊಳೆಯುತ್ತಿದ್ದೇನೆ, ಆಮೇಲೆ ಕಾಫಿ ಕುಡಿಯುತ್ತೇನೆ.' ಎಲ್ಲಿ ತಡವರಿಸುತ್ತೀರೋ ಅದೇ ನಾಳೆಯ ಪಾಠ.

ಮೊಬೈಲ್ ಆ್ಯಪ್‌ಗಳಿವೆಯಲ್ಲ ಅಂತೀರಾ? ಪದ ಕಲಿಯೋಕೆ ಒಳ್ಳೆಯದೇ. ಆದರೆ ಬೆರಳಾಡಿಸಿ ಉತ್ತರ ಆರಿಸೋದು ಬೇರೆ, ಎದುರಿಗಿರುವವರಿಗೆ ಉತ್ತರ ಕೊಡೋದು ಬೇರೆ. ಆ್ಯಪ್ ಉಪ್ಪಿನಕಾಯಿಯಂತಿರಲಿ, ಊಟ ಬೇರೆಯೇ ಇರಲಿ.

ಆ ಒಂದು ಬೆಳಿಗ್ಗೆ

2018ರಲ್ಲಿ ನಗೋಯ ನಗರದ ಹತ್ತಿರ ನಮ್ಮ ಮನೆ. ಹೋಗಿ ನಾಲ್ಕನೇ ತಿಂಗಳಿಗೆ ಒಂದು ರಾತ್ರಿ ಮಗನಿಗೆ ಮೈ ಕೆಂಡ. ಯಜಮಾನರದು ನೈಟ್ ಶಿಫ್ಟ್. ಬೆಳಗಾಗೋದನ್ನೇ ಕಾದು, ಅವನನ್ನು ಎತ್ತಿಕೊಂಡು ಹತ್ತಿರದ ಕ್ಲಿನಿಕ್ಕಿಗೆ ನಡೆದೆ. ಅಲ್ಲಿ ಇಂಗ್ಲಿಷ್ ಬರುವವರು ಯಾರೂ ಇರಲಿಲ್ಲ. ನನ್ನ ಕಾಲು ನಡುಗುತ್ತಿತ್ತು, ಆದರೆ ಬಾಯಿಗೆ ಬಂತು: "ನೆತ್ಸು ಗ ಅರಿಮಸು." ಜ್ವರ ಇದೆ. ಡಾಕ್ಟರ್ ಕೇಳಿದರು: "ಇತ್ಸು ಕರ ದೆಸು ಕ?" ಇತ್ಸು ಅಂದರೆ ಯಾವಾಗ, ಕರ ಅಂದರೆ ಇಂದ. ಯಾವಾಗಿನಿಂದ? "ಕಿನೋ ಕರ ದೆಸು" ಅಂದೆ. ನಿನ್ನೆಯಿಂದ. ಎಷ್ಟು ಅಂದಾಗ "ಸನ್‌ಜೂ ಕು ದೊ" ಅಂದೆ, ಮೂವತ್ತೊಂಬತ್ತು ಡಿಗ್ರಿ. ಅಲ್ಲಿ ಜ್ವರ ಅಳೆಯೋದು ಸೆಲ್ಸಿಯಸ್ಸಿನಲ್ಲಿ. ನಮ್ಮ ನೂರೆರಡು ಅಂದರೆ ಅವರಿಗೆ ಅರ್ಥವಾಗಲ್ಲ ಅಂತ ಆ ಅಂಕಿಗಳನ್ನು ಚೀಟಿ ಮಾಡಿ ಕಲಿತಿದ್ದೆ.

ಔಷಧಿ ಕೊಡುವಾಕೆ ದಿನಕ್ಕೆ ಮೂರು ಸಲ ಅಂದದ್ದು ತಿಳಿಯಿತು. ಆಮೇಲೆ 'ಶೊಕುಗೊ' ಅಂದದ್ದು ತಿಳಿಯಲಿಲ್ಲ. ಗೊತ್ತಾಯಿತು ಅಂತ ಸುಮ್ಮನೆ ತಲೆ ಆಡಿಸಿ ಬರಬಹುದಿತ್ತು, ನಾಚಿಕೆ ಹಾಗೇ ಮಾಡಿಸುತ್ತೆ. ಆದರೆ ಮಗುವಿನ ಔಷಧಿ. ಇನ್ನೊಮ್ಮೆ ಹೇಳಿ ಅಂತ ಕೇಳಿದೆ. ಆಕೆ ನಕ್ಕು, ಬಿಡಿಸಿ ಹೇಳಿದರು: "ಗೊಹನ್ ನೊ ಅತೊ." ಅನ್ನದ ಆಮೇಲೆ. ಊಟ ಆದ್ಮೇಲೆ! ಅಲ್ಲೇ ಕಣ್ಣು ತುಂಬಿ ಬಂತು. ಇಷ್ಟು ದೂರ ಬಂದರೂ ಮಾತ್ರೆ ಕೊಡೋದು ಊಟ ಆದ್ಮೇಲೇನೇ.

ಮೂರು ದಿನಕ್ಕೆ ಜ್ವರ ಇಳಿಯಿತು. ನನ್ನ ಭಯ ಮಾತ್ರ ಅವತ್ತೇ ಇಳಿದಿತ್ತು. ಅವತ್ತು ನಾನಾಡಿದ್ದು ಹತ್ತು ಸಾಲೂ ಇರಲಿಕ್ಕಿಲ್ಲ. ಆದರೆ ಆ ಹತ್ತು ನನ್ನ ಐವತ್ತರ ಪಟ್ಟಿಯಲ್ಲಿದ್ದವು.

ಪರೀಕ್ಷೆ ಬೇಕೇ?

ಒಂದು ತಾರೀಕು ಎದುರಿಗಿದ್ದರೆ ಸೋಮಾರಿತನ ಓಡುತ್ತೆ. ಜಪಾನಿಗೆ ಜೆಎಲ್‌ಪಿಟಿ ಎಂಬ ಪರೀಕ್ಷೆ ಜುಲೈ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತೆ, ಬೆಂಗಳೂರಿನಲ್ಲೂ ಕೇಂದ್ರವಿದೆ. ಎಲ್ಲಕ್ಕಿಂತ ಸುಲಭದ್ದು ಎನ್5. ಅದರಲ್ಲಿ 180ಕ್ಕೆ ಒಟ್ಟು 80 ಅಂಕ ಬೇಕು, ಜೊತೆಗೆ ಪ್ರತಿ ಭಾಗಕ್ಕೂ ಕನಿಷ್ಠ ಅಂಕವಿದೆ. ಒಂದು ಮಾತು ನೆನಪಿಡಿ: ಆ ಪರೀಕ್ಷೆಯಲ್ಲಿ ಓದೋದು, ಕೇಳೋದು ಇದೆ, ಮಾತಾಡೋದು ಇಲ್ಲ. ಹಾಗಾಗಿ ಸರ್ಟಿಫಿಕೇಟ್ ಬಂದ ಮಾತ್ರಕ್ಕೆ ಮಾತು ಬಂತು ಅಂದುಕೊಳ್ಳಬೇಡಿ. ಜರ್ಮನ್ ಕಲಿಯುವವರಿಗೆ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನ, ಫ್ರೆಂಚಿಗೆ ಅಲಿಯಾನ್ಸ್ ಫ್ರಾನ್ಸೇಸ್ ಪರೀಕ್ಷೆ ನಡೆಸುತ್ತವೆ. ಜರ್ಮನ್ನಿನ ಮೊದಲ ಹಂತ ಎ1ರಲ್ಲಿ ನೂರಕ್ಕೆ ಅರವತ್ತು ಬಂದರೆ ಪಾಸು, ಅಲ್ಲಿ ಮಾತಾಡೋದೂ ಇದೆ. ಈ ಎರಡು ಭಾಷೆಗಳ ಪದಗಳಿಗೆ ಇಂಗ್ಲಿಷ್ ಸ್ವಲ್ಪ ಸಹಾಯ ಮಾಡುತ್ತೆ. ಅಲ್ಲೂ ಅರ್ಥವನ್ನು ಮಾತ್ರ ಕನ್ನಡದಲ್ಲೇ ಬರೆದುಕೊಳ್ಳಿ.

ಮೊದಲ ತಿಂಗಳಿಗೆ ಟೈಮ್‌ಟೇಬಲ್

- 1ನೇ ವಾರ: ಐವತ್ತು ಸಾಲಿನ ಪಟ್ಟಿ ಮಾಡಿ. ದಿನಾ ಹದಿನೈದು ನಿಮಿಷ ಬರೀ ಕೇಳಿ. ನಮಸ್ಕಾರ, ಧನ್ಯವಾದ, ಕ್ಷಮಿಸಿ, ಇನ್ನೊಮ್ಮೆ ಹೇಳಿ: ಈ ನಾಲ್ಕು ಬಾಯಿಗೆ ಬರಲಿ.
- 2ನೇ ವಾರ: ಒಂದರಿಂದ ನೂರು. ತರಕಾರಿ ಬೆಲೆ, ಮೊಬೈಲ್ ನಂಬರ್ ಎಲ್ಲವನ್ನೂ ಆ ಭಾಷೆಯಲ್ಲಿ ಹೇಳಿಕೊಳ್ಳಿ. ಚೀಟಿ ಡಬ್ಬ ಶುರು ಮಾಡಿ.
- 3ನೇ ವಾರ: ಅಕ್ಷರಗಳು, ದಿನಕ್ಕೆ ಐದು. ಅಡುಗೆಮನೆಯ ಡಬ್ಬಗಳಿಗೆ ಹೆಸರು ಅಂಟಿಸಿ.
- 4ನೇ ವಾರ: ಪಟ್ಟಿಯ ಮೊದಲ ಇಪ್ಪತ್ತು ಸಾಲು ನೋಡದೆ ಹೇಳಿ. ನಿಮ್ಮ ಧ್ವನಿಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮೊದಲ ಸಲ ನಗು ಬರುತ್ತೆ, ಬರಲಿ ಬಿಡಿ.

ಕೊನೆಗೊಂದು ಮಾತು. ನಮ್ಮಲ್ಲಿ ಮನೆಯಿಂದ ಹೊರಡುವಾಗ ಯಾರೂ 'ಹೋಗ್ತೀನಿ' ಅನ್ನಲ್ಲ. ಅಂದರೆ ಕೊಳಾಲದಲ್ಲಿ ಅಮ್ಮ ಇವತ್ತಿಗೂ ಗದರುತ್ತಾಳೆ: "ಹೋಗ್ತೀನಿ ಅನ್ಬಾರ್ದು, ಹೋಗಿ ಬರ್ತೀನಿ ಅನ್ನು." ಜಪಾನಿನ ಮನೆಗಳಲ್ಲೂ ಹೊರಡುವವರು 'ಇತ್ತೆಕಿಮಸು' ಅನ್ನುತ್ತಾರೆ. ಅದರ ಅರ್ಥ ಅಕ್ಷರಕ್ಕೆ ಅಕ್ಷರ ಹೋಗಿ ಬರುತ್ತೇನೆ. ಒಳಗಿನವರು 'ಇತ್ತೆರಶ್ಶಯ್' ಅನ್ನುತ್ತಾರೆ, ಹೋಗಿ ಬನ್ನಿ. ನಾವು ವಾಪಸ್ ಬಂದು ವರ್ಷಗಳಾದರೂ ಸ್ಕೂಲಿಗೆ ಹೊರಡುವಾಗ ನನ್ನ ಮಗ ಒಂದು ದಿನ ಅದನ್ನು ಹೇಳುತ್ತಾನೆ, ಒಂದು ದಿನ ಇದನ್ನು. ನನಗೆ ಎರಡೂ ಒಂದೇ ಮಾತಾಗಿ ಕೇಳಿಸುತ್ತೆ.

ನಿಮ್ಮ ಹತ್ತಿರವೂ ಕನ್ನಡ ಇದೆ. ಇಂಗ್ಲಿಷ್ ಬರಲ್ಲ ಅಂತ ಹಿಂಜರಿಯಬೇಡಿ. ಇವತ್ತು ಮಧ್ಯಾಹ್ನ ಊಟ ಆದ್ಮೇಲೆ ಒಂದು ಹಳೇ ಲಗ್ನಪತ್ರಿಕೆ ಕತ್ತರಿಸಿ ಶುರು ಮಾಡಿ, ಆಯ್ತಾ?